ಅರ್ಧ ಕಡಿದ ಟೊಂಗೆ

ತೋಟ ತೋರಿಸು ಅಂದರೆ ಕಾಡಿನೊಳಗೆ ಕರೆದೊಯ್ದಳು. ಹಲಸು, ಹಾಲವಾಣ, ಸಿಲ್ವರ್ ಓಕ್, ಎಲ್ಲಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ತಲೆ ಎತ್ತಿದರೆ ಆಕಾಶವೇ ಇಲ್ಲ! 'ಕಾಫಿ ಎಲ್ಲೈತಿ?' ಅಂದೆ. 'ಅದರಾಗ ನಿಂತೀರಲ್ರಿ!' ಎಂದು ಹೆಂಡತಿ ಬಿಂದು ನಕ್ಕಳು.

ಬಿಂದು ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಮಾವ ತೀರಿಕೊಂಡ ಮೇಲೆ ತೋಟ ನೋಡುವವರಿಲ್ಲದೆ, ನಮ್ಮೂರು ಸಾವಳಗಿ ಬಿಟ್ಟು ಅವಳ ತವರು ವಯನಾಡಿಗೆ ಮನೆಯಳಿಯನಾಗಿ ಬಂದೆ. ನಮ್ಮದು ಕುರಿಯ ಮನೆತನ, ಜೊತೆಗೊಂದಿಷ್ಟು ಕಬ್ಬು. ಬದುವಿನ ಬೇವು ಕಬ್ಬಿನ ಮೇಲೆ ನೆರಳು ಚೆಲ್ಲಿದರೆ ನಮ್ಮಣ್ಣ ಸಿಡುಕುತ್ತಾನೆ. ಇಲ್ಲಿ ಅದೇ ನೆರಳನ್ನು ಮಲಯಾಳದಲ್ಲಿ 'ತಣಲ್' ಎಂದು ಮುದ್ದು ಮಾಡುತ್ತಾರೆ.

ಅತ್ತೆ ಒಮ್ಮೆ ಸಾವಳಗಿಗೆ ಬಂದು ನಮ್ಮ ಬಟಾಬಯಲು ನೋಡಿದ್ದರು. ಇವನು ಮರ ಉಳಿಸುವವನಲ್ಲ ಎಂದು ಹೆದರಿದರೇನೋ, ನನ್ನ ಕೈಗೆ ವಾಕತ್ತಿ, ಅಂದರೆ ಟೊಂಗೆ ಸವರುವ ಮಚ್ಚು, ಕೊಡಲೇ ಇಲ್ಲ. ಮರ ಮುಟ್ಟಬಾರದೆಂದರೆ ನಾನು ಮನೆಯವನೋ, ಊಟಕ್ಕೆ ಬಂದ ನೆಂಟನೋ? ಊಟವೋ, ದಿನಾ ಮೀನುಸಾರು. ರೊಟ್ಟಿ ನೆನೆದು ಅಳು ಬರುತ್ತಿತ್ತು.

ಕೆಳಗಿನ ತೋಟದವನದು ಬೇರೆಯೇ ರೀತಿ. ಕೆರೆಯಿದೆ, ಸ್ಪ್ರಿಂಕ್ಲರ್ ಇದೆ. ಮರ ತೆಗೆದು ಬಿಸಿಲಲ್ಲೇ ರೊಬಸ್ಟಾ ಕಾಫಿ ಬೆಳೆಯುತ್ತಾನೆ. ಗಿಡದ ತುಂಬ ಕಾಯಿ. 'ನಾವೂ ಹಂಗ ಮಾಡೂನು' ಅಂದೆ. 'ನಿಮ್ಮಣ್ಣ ಕೃಷ್ಣಾ ಹೊಳಿ ನೀರ ಕಳಸ್ತಾರೇನ್ರಿ?' ಅಂದಳು ಬಿಂದು. ಬೇಸಿಗೆಯಲ್ಲಿ ನಮ್ಮ ಬಾವಿಯ ತಳ ಕಂಡಿತು. ಆದರೂ ಮರದಡಿಯ ನೆಲ ತಣ್ಣಗಿತ್ತು, ಕಾಫಿ ಬಾಡಲಿಲ್ಲ. ಅವನಿಗೆ ಕೆರೆ ಮಾಡುವ ಕೆಲಸವನ್ನು ನಮಗೆ ಮರಗಳು ಮಾಡುತ್ತಿದ್ದವು. ಗುಡ್ಡದ ಮೇಲಿನವರ ಅರೇಬಿಕಾಕ್ಕಂತೂ ಇನ್ನೂ ದಟ್ಟ ನೆರಳು ಬೇಕಂತೆ.

ಮಳೆಗೆ ಮುಂಚೆ ಟೊಂಗೆ ಸವರಿ ಒಂದಿಷ್ಟು ಬೆಳಕು ಬಿಡಬೇಕು. ಮರ ಹತ್ತುವವನು ಆ ವರ್ಷ ಕೈಕೊಟ್ಟ. ಮೋಡ ಕಟ್ಟತೊಡಗಿತು. ಬೇರೆ ದಾರಿ ಕಾಣದೆ ಅತ್ತೆ ವಾಕತ್ತಿ ತಂದು ನನ್ನ ಮುಂದಿಟ್ಟರು. ಕುರಿಗೆ ಸೊಪ್ಪು ಕಡಿದೇ ಬೆಳೆದವನು ನಾನು! ಸರಸರ ಹತ್ತಿದೆ, ಸವರಿದೆ, ಎದೆಯುಬ್ಬಿಸಿ ಇಳಿದೆ. ನೋಡಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಟೊಂಗೆಗಳೆಲ್ಲ ಅರ್ಧ ಕಡಿದು ಕಾಫಿ ಮೇಲೆ ಜೋತಾಡುತ್ತಿವೆ. ಕುರಿಗಳ ಬಾಯಿಗೆ ಎಟುಕಲಿ, ಮರವೂ ಉಳಿಯಲಿ ಎಂದು ಹಾಗೆ ಬಿಡುವುದು ನಮ್ಮ ರೂಢಿ.

'ಆಡ್ ಎವಿಡೆ, ಮೋನೆ?' ಎಂದರು ಅತ್ತೆ. ಆಡು ಎಲ್ಲಿ, ಮಗನೇ? ಅಲ್ಲಿಯವರೆಗೆ ಅವರು ನನ್ನನ್ನು ಮಗನೇ ಎಂದು ಕರೆದಿರಲಿಲ್ಲ. ಅಬ್ಬಾ, ಜೀವ ಹಗುರಾಯಿತು. ಮತ್ತೆ ಹತ್ತಿ, ಟೊಂಗೆ ಪೂರ್ತಿ ಕಡಿದು, ಕೆಳಗಿನ ಗಿಡ ಮುರಿಯದಂತೆ ಕೈಯಲ್ಲಿ ಹಿಡಿದು ಒಂದೊಂದನ್ನೇ ಇಳಿಸಿದೆ. ಆಮೇಲೆ ವಾಕತ್ತಿ ಅವರು ವಾಪಸ್ ಕೇಳಲಿಲ್ಲ.

ಮೊನ್ನೆ ಸಾವಳಗಿಗೆ ಹೋದಾಗ ಅಣ್ಣನ ಕುರಿಗೆಂದು ಜಾಲಿ ಮರ ಹತ್ತಿದೆ. ಟೊಂಗೆ ಪೂರ್ತಿ ಕಡಿದು, ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸುತ್ತಿದ್ದೆ. ಕುರಿಗಳು ಕತ್ತೆತ್ತಿ ಕಾಯುತ್ತಿದ್ದವು.

'ಒಗಿ ಲೇ! ಕೆಳಗ ಮುರಿಯೂದರ ಏನೈತಿ?' ಅಣ್ಣ ಕೂಗಿದ.

'ಕಾಫಿ ಐತೆಪಾ' ಅಂದುಬಿಟ್ಟೆ.