ತಂಬೂರಿಯಲ್ಲದ ಶ್ರುತಿ

ಸದ್ದು ಇದ್ದದ್ದು ಕಾರಿನ ಸ್ಪೀಕರಿನಲ್ಲಿ. ಅದು ನನ್ನ ಕಿವಿಯಲ್ಲಿದೆ ಎಂದು ನನ್ನ ಮನೆಯವರೇ ತೀರ್ಮಾನಿಸಿದರು. ಅಷ್ಟಕ್ಕೇ ನಿಲ್ಲಿಸದೆ, ನನ್ನನ್ನು ಒಂದು ಮಾತೂ ಕೇಳದೆ, ಶ್ರವಣ ಪರೀಕ್ಷೆಗೆ ದಿನವನ್ನೂ ಗೊತ್ತುಮಾಡಿದರು. ಈ ಅನ್ಯಾಯವನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ನನಗಿಲ್ಲ.

ಆಗ ನಾನು ಆಸ್ಪತ್ರೆಯ ಕೆಲಸದಿಂದ ನಿವೃತ್ತನಾಗಿ ಆಕ್ಲೆಂಡಿನ ಹಿಲ್ಸ್‌ಬರೋ ಬಡಾವಣೆಯಲ್ಲಿ ಮಗ ಸೊಸೆಯರೊಡನೆ ಇದ್ದೆ. ಕಾರು ನನ್ನದು. ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗಿನಲ್ಲಿ ಆಕ್ಲೆಂಡಿಗೆ ಬಂದಿಳಿದದ್ದು. ಇಲ್ಲಿ ಅಂಥ ಕಾರುಗಳಿಗೇನೂ ಕೊರತೆಯಿಲ್ಲ. ಜಪಾನಿಗೆಂದೇ ಮಾಡಿದ ಅದರ ರೇಡಿಯೊಗೆ ಇಲ್ಲಿಯ ಬಹುಪಾಲು ಸ್ಟೇಷನ್ನುಗಳು ಸಿಗುತ್ತಿರಲಿಲ್ಲ. ಕೀಲಿ ತಿರುಗಿಸಿದೊಡನೆ ಒಬ್ಬ ಹೆಂಗಸಿನ ದನಿ ಜಪಾನಿ ಭಾಷೆಯಲ್ಲಿ ಏನನ್ನೋ ಬಹು ವಿನಯದಿಂದ ಎಚ್ಚರಿಸಿ ಸುಮ್ಮನಾಗುತ್ತಿತ್ತು. ಹೊಸ ಸ್ಟೀರಿಯೊ ಹಾಕಿಸೋಣವೆಂದು ಮಗ ಹೇಳಿದ. ಹಾಗಾದರೆ ಅಂಗಡಿಗೆ ಹೋಗೋಣವೆಂದೆ.

"ಅಂಗಡಿ ಯಾಕಪ್ಪ? ನಮ್ಮವನೇ ಒಬ್ಬ ಇದಾನೆ, ಹುಬ್ಬಳ್ಳಿಯವನು. ಆಫೀಸಲ್ಲಿ ಕಂಪ್ಯೂಟರ್, ಮನೆಗೆ ಬಂದ್ರೆ ಇದೇ ಹುಚ್ಚು ಅವನಿಗೆ."

ಈ ದೇಶದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ 'ನಮ್ಮವನು' ಎಂಬುದೊಂದು ಏರ್ಪಾಡು. ನಮ್ಮವನು ಶನಿವಾರ ಬರುತ್ತಾನೆ, ಊಟ ಮಾಡುತ್ತಾನೆ, ಕೆಲಸ ಮುಗಿಸುತ್ತಾನೆ, ಒಂದು ಡಬ್ಬಿ ಬಿಸಿಬೇಳೆಬಾತು ಹಿಡಿದು ಹಿಂದಿರುಗುತ್ತಾನೆ. ಅಂಗಡಿಯವನಾದರೆ ಮರಳಿ ಹೋಗಿ ಜಗಳವಾಡಬಹುದು. ನಮ್ಮವನ ಕೆಲಸದಲ್ಲಿ ತಪ್ಪಿದ್ದರೆ, ಅದನ್ನು ಬಾಯಿಬಿಟ್ಟು ಹೇಳಿದವನೇ ತಪ್ಪಿತಸ್ಥ.

ಅವನು ಬಂದ ದಿನದ ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ಅಚ್ಚಾಗಿ ಉಳಿದಿದೆ. ಅವನು ಕಾರಿನೊಳಗೆ ತಲೆ ತೂರಿಸಿ ಕೆಲಸ ಮಾಡುತ್ತಿದ್ದಾಗ ಮಗ ಚಹಾ ಕೊಂಡುಹೋದ. ಇಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು. ನಾನು ಹೊರಗೆ ಕಾಲಿಟ್ಟೊಡನೆ ಮಾತು ಕ್ರಿಕೆಟ್ಟಿಗೆ ತಿರುಗಿತು. ಆ ದಿನ ಅದಕ್ಕೆ ನಾನು ಯಾವ ಅರ್ಥವನ್ನೂ ಕಟ್ಟಲಿಲ್ಲ.

ಹೊಸ ಸ್ಟೀರಿಯೊ ಕೂತ ಮೇಲೆ ಮೊದಲ ಸಲ ಒಬ್ಬನೇ ಹೊರಟಾಗ ವೀಣೆಯ ಕಚೇರಿಯೊಂದನ್ನು ಹಾಕಿದೆ. ನಿಧಾನವಾದ ಆಲಾಪನೆ, ಒಂದು ಸ್ವರ ಕರಗಿದ ಮೇಲೆ ಇನ್ನೊಂದು ಹುಟ್ಟುವ ತನಕ ಬರಿಯ ಮೌನವಿರಬೇಕು. ಆ ಮೌನದಲ್ಲಿ ಸೊಳ್ಳೆಯ ದನಿಯಂತೆ ಸಣ್ಣದೊಂದು ಕೊರೆತ ಕೇಳಿಸಿತು. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಂತೆ ಅದೂ ಏರಿತು. ಕೆಂಪು ದೀಪದ ಮುಂದೆ ನಿಂತಾಗ ಇಳಿಯಿತು.

ಸಂಜೆ ಮಗನಿಗೂ ಸೊಸೆಗೂ ಹೇಳಿದೆ. ಮಗ ಗ್ಯಾರೇಜಿಗೆ ಹೋಗಿ, ಎಂಜಿನ್ ಚಾಲೂ ಮಾಡದೆ, ಕೀಲಿಯನ್ನು ಅರ್ಧ ತಿರುಗಿಸಿ ವೀಣೆ ಹಾಕಿದ. "ಎಲ್ಲಿದೆಯಪ್ಪ?" ಎಂದ. ಎಂಜಿನ್ ಹಾಕು ಎಂದೆ. ಹಾಕಿದ. ಕೊರೆತ ಬಂತು.

"ಮಾವ, ಅದು ತಂಬೂರಿ ಅಲ್ವಾ? ವೀಣೆ ಹಿಂದೆ ಇರುತ್ತಲ್ಲ," ಎಂದಳು ಸೊಸೆ.

"ತಂಬೂರಿಗೆ ಗುಡ್ಡ ಹತ್ತುವಾಗ ಶ್ರುತಿ ಏರೋದಿಲ್ಲ ತಾಯಿ," ಎಂದೆ.

ಅವಳು ನಕ್ಕಳು. ಮಗ ನಗಲಿಲ್ಲ. ಸ್ಟೀರಿಯೊ ಆರಿಸಿ, "ನಂಗೇನೂ ಕೇಳ್ತಿಲ್ಲಪ್ಪ," ಎಂದು ಒಳಗೆ ಹೋದ. ನನ್ನ ಅನುಮಾನ ಮೊಳೆತದ್ದು ಅವನು ನಗದೆ ಹೋದ ಆ ಗಳಿಗೆಯಲ್ಲಿ.

ಕೆಲವು ದಿನಗಳ ಮೇಲೆ ಊಟದ ಹೊತ್ತಿಗೆ ಮಾತು ತೆಗೆದ. "ಅಪ್ಪ, ಲೈಸೆನ್ಸ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕಲ್ಲ, ಹಾಗೇ ಕಿವೀನೂ ಒಂದ್ಸಲ ತೋರಿಸ್ಬಿಡೋಣ. ಅಪಾಯಿಂಟ್‌ಮೆಂಟ್ ತಗೊಂಡಿದೀನಿ."

"ಕಿವಿ ಸರಿಯಿಲ್ಲ ಅಂದರೆ?"

"ಅಂದ್ರೆ... ನೀವು ಡ್ರೈವ್ ಮಾಡ್ಲೇಬೇಕು ಅಂತ ಏನಿದೆ? ಬಸ್ಸಿದೆ, ನಾವಿದೀವಿ."

ಇಲ್ಲಿ ಎಪ್ಪತ್ತೈದು ತುಂಬಿದವರು ವೈದ್ಯರ ಪ್ರಮಾಣಪತ್ರವಿಲ್ಲದೆ ಕಾರು ಓಡಿಸುವಂತಿಲ್ಲ. ನನಗೆ ಆ ವಯಸ್ಸು ಹತ್ತಿರವಾಗಿತ್ತು. ಅವರ ಕಣ್ಣಿದ್ದದ್ದು ನನ್ನ ಕಿವಿಯ ಮೇಲಲ್ಲ, ಕಾರಿನ ಕೀಲಿಯ ಮೇಲೆ ಎಂದು ಅಂದು ನನಗೆ ತೋರಿತು. ಕೀಲಿ ಬಿಟ್ಟುಕೊಟ್ಟವರ ಪಾಡನ್ನು ನಾನು ನೋಡಿದ್ದೆ. ನನ್ನ ಪರಿಚಯದ ಹಿರಿಯರೊಬ್ಬರು ದೇವಸ್ಥಾನಕ್ಕೆ ಹೋಗಲೆಂದು ಬೆಳಗ್ಗೆಯೇ ಬೂಟು ಹಾಕಿಕೊಂಡು, ಮಗ ಬಿಡುವಾಗಿ ಬರುವ ತನಕ ಕಿಟಕಿಯ ಬಳಿ ಕೂತಿರುತ್ತಿದ್ದರು. ಅಲ್ಲದೆ, ಕಿವಿಯ ಮಾತು ಬಂದದ್ದು ಯಾರ ಮುಂದೆ? ಹೃದಯದ ಸೋರುವ ಕವಾಟವನ್ನು ಎದೆಯ ಹೊರಗಿನಿಂದ ಆಲಿಸಿ ಗುರುತಿಸುವುದನ್ನೇ ವೃತ್ತಿಯಾಗಿ ಮಾಡಿದವನ ಮುಂದೆ.

ರೋಗಿಯನ್ನು ಪರೀಕ್ಷಿಸುವ ಕ್ರಮದಲ್ಲಿಯೇ ಕಾರನ್ನು ಪರೀಕ್ಷಿಸಿದೆ. ವೀಣೆಯ ದನಿಯನ್ನು ಪೂರ್ತಿ ಇಳಿಸಿದರೂ ಕೊರೆತ ಉಳಿಯಿತು. ಎಂದರೆ ಅದು ಹಾಡಿನೊಳಗಿನದಲ್ಲ. ಎಂಜಿನ್ ಆರಿಸಿದರೆ ಅದೂ ಆರಿತು. ಹೆಡ್‌ಲೈಟು ಹಾಕಿದರೆ ಬಲವಾಯಿತು. ಮುಂದಿನದನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಓದಿಕೊಂಡೆ. ಮನೆಯದರಲ್ಲಿ ಹುಡುಕಿದರೆ ಏನು ಹುಡುಕಿದೆನೆಂಬುದು ಅದರಲ್ಲಿಯೇ ಉಳಿಯುತ್ತದೆ. ಸ್ಟೀರಿಯೊದಿಂದ ಹೊರಡುವ ಕಪ್ಪು ತಂತಿ, ಅಂದರೆ ಅರ್ತ್, ಕಾರಿನ ಬರಿಯ ಲೋಹಕ್ಕೆ ಗಟ್ಟಿಯಾಗಿ ಕೂತಿರಬೇಕು. ಆ ಹಿಡಿತ ಸಡಿಲವಾದರೆ ಎಂಜಿನ್ನು ವಿದ್ಯುತ್ತು ತಯಾರಿಸುವ ಸದ್ದು ಸ್ಪೀಕರಿಗೆ ನುಸುಳುತ್ತದೆ.

ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬ್ಯಾಟರಿಯ ತಂತಿ ಕಳಚಿಟ್ಟು, ಸ್ಟೀರಿಯೊದ ಸುತ್ತಣ ಪ್ಲಾಸ್ಟಿಕ್ಕನ್ನು ಮರದ ಸೌಟಿನ ಹಿಡಿಯಿಂದ ಮೆಲ್ಲನೆ ಎಬ್ಬಿಸಿದೆ. ಸ್ಟೀರಿಯೊದ ಕೆಳಗಿನ ಗೂಡಿನಲ್ಲಿ ನಮ್ಮ ಹಿತ್ತಾಳೆಯ ಗಣಪತಿ. ಕಾರು ತಂದ ದಿನ ಪೂಜೆ ಮಾಡಿ ಕೂರಿಸಿದ್ದು. ಪ್ರತಿಯೊಂದು ರೌಂಡಬೌಟಿನ ತಿರುವಿನಲ್ಲಿಯೂ ಜಾರಿ ನನ್ನ ಕಾಲ ಬಳಿ ಬೀಳುತ್ತಿದ್ದುದರಿಂದ ಮಗ ಅದರ ಪೀಠವನ್ನು ಒಳಗಿನ ಉಕ್ಕಿನ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದಿದ್ದ. ಬಣ್ಣವಿಲ್ಲದ ಬರಿಯ ಉಕ್ಕಿದ್ದದ್ದು ಅಲ್ಲಿ ಮಾತ್ರ, ಕಪ್ಪು ತಂತಿ ಸೇರಬೇಕಾದ ಜಾಗ ಆ ಬೋಲ್ಟೇ. ಆದರೆ ತಂತಿಯನ್ನು ಪಕ್ಕದ ಬಣ್ಣ ಬಳಿದ ಪಟ್ಟಿಯ ಮೇಲೆ ಕೂರಿಸಲಾಗಿತ್ತು. ಬಣ್ಣದ ಮೂಲಕ ವಿದ್ಯುತ್ತು ಸರಿಯಾಗಿ ಹರಿಯದು.

ಕೈತೊಳೆದು ಬಂದು, ನಮಸ್ಕರಿಸಿ, ಗಣಪತಿಯನ್ನು ಬಿಚ್ಚಿದೆ. ತಂತಿಯನ್ನು ಬರಿಯ ಉಕ್ಕಿಗೆ ಒತ್ತಿಟ್ಟು, ಮೇಲೆ ಪೀಠವನ್ನು ಮತ್ತೆ ಬಿಗಿದೆ. ಬ್ಯಾಟರಿ ಜೋಡಿಸಿ ಎಂಜಿನ್ ಹಾಕಿದೆ. ವೀಣೆಯ ಸ್ವರ ಕರಗಿತು. ಅದರ ಹಿಂದೆ ಏನೂ ಇರಲಿಲ್ಲ. ಏರು ರಸ್ತೆಯಲ್ಲಿ ಹೋಗಿ ಬಂದೆ. ಆಗಲೂ ಏನೂ ಇರಲಿಲ್ಲ.

ಬಂದವನೇ ಹುಬ್ಬಳ್ಳಿಯವನಿಗೆ ಫೋನ್ ಮಾಡಿದೆ.

"ಆರಾಮ ಅದೀರಿ ಅಂಕಲ್?"

"ಆರಾಮ. ಆ ಕಪ್ಪು ವೈರನ್ನ ಬಣ್ಣದ ಮೇಲೆ ಯಾಕಪ್ಪ ಕೂರಿಸಿದೆ?"

"ಅಯ್ಯ ಅಂಕಲ್, ಛಲೋ ಜಾಗಾದಾಗ ಗಣಪ್ಪ ಕುಂತಾನಲ್ರಿ! ನಾ ಚರ್ಚಿಗೆ ಹೋಗಾಂವ. ನೀವು ಪೂಜಿ ಮಾಡಿ ಕುಂಡ್ರಿಸಿದ ದೇವ್ರಿಗೆ ನಾ ಸ್ಪ್ಯಾನರ್ ಹೆಂಗ ಹಚ್ಚಲಿ?"

"ಒಂದು ಮಾತು ಹೇಳಬಾರದಿತ್ತೇ?"

"ಹೇಳೇನಲ್ರಿ! ಅವತ್ತ ನಿಮ್ಮ ಮಗಗ ಹೇಳೇನಿ. ಹಿಂಗ ಬಿಟ್ರ ಸದ್ದು ಬರ್ತೈತಿ, ಗಣಪ್ಪನ್ನ ನೀವ ತೆಗೆದು ಕೊಡ್ರಿ, ಸಣ್ಣ ಕೆಲಸ ಅಂತ. ಇರ್ಲಿ ಬಿಡು, ಅಪ್ಪಗ ಅದೆಲ್ಲಿ ಕೇಳಸ್ತೈತಿ ಅಂದ."

ಆಯಿತಪ್ಪ ಎಂದು ಫೋನ್ ಇಟ್ಟೆ. ಅವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಚಹಾದ ಹೊತ್ತಿನ ಆ ತಗ್ಗಿದ ದನಿಯ ಅರ್ಥ ಮಾತ್ರ ತಿಳಿಯಿತು.

ಸಂಜೆ ಮಗನನ್ನು ಕಾರಿನಲ್ಲಿ ಕೂರಿಸಿ, ನಾನೇ ಓಡಿಸಿಕೊಂಡು ಹೋಗಿ, ವೀಣೆ ಕೇಳಿಸಿದೆ. "ಓ, ಸರಿಹೋಗಿದೆಯಲ್ಲ!" ಎಂದ. ಕೇಳದ ಸದ್ದು ಹೋಯಿತೆಂದು ಅವನಿಗೆ ಹೇಗೆ ತಿಳಿಯಿತೆಂದು ವಿಚಾರಿಸಿದೆ. ಹುಬ್ಬಳ್ಳಿಯವನ ಮಾತನ್ನೂ ಹೇಳಿದೆ. "ಅವನು ಹೇಳಿದ್ದು ಮರೆತೇಹೋಗಿತ್ತಪ್ಪ," ಎಂದ. ಶ್ರವಣ ಪರೀಕ್ಷೆ ಮರುದಿನವೇ ರದ್ದಾಯಿತು. ಸೊಸೆಗೆ ಎಷ್ಟು ಗೊತ್ತಿತ್ತೆಂಬುದು ನನಗೆ ಇಂದಿಗೂ ತಿಳಿಯದು. ತಂಬೂರಿಯ ಮಾತನ್ನು ಅವಳೇ ಯೋಚಿಸಿದಳೋ, ಯಾರಾದರೂ ಹೇಳಿಕೊಟ್ಟರೋ. ಅಂದಿನಿಂದ ಕಾರಿನ ಕೀಲಿಯನ್ನು ಬಾಗಿಲ ಬಳಿಯ ಕೊಕ್ಕೆಗೆ ತೂಗುಹಾಕುವುದನ್ನು ಬಿಟ್ಟೆ. ಅದು ನನ್ನ ಜೇಬಿನಲ್ಲಿರುತ್ತದೆ.

ಇದನ್ನು ಓದುವ ನನ್ನ ಮನೆಯವರಿಗೆ ನನ್ನದು ಒಂದೇ ಪ್ರಶ್ನೆ. ಅಪ್ಪನಿಗೆ ಕೇಳಿಸದೆಂದು ನಂಬಿ ನೀವು ಬಿಟ್ಟುಬಿಟ್ಟ ಸದ್ದು ಅಪ್ಪನಿಗೆ ಮೊದಲ ದಿನವೇ ಕೇಳಿಸಿದ ಮೇಲೆ, ಈ ಕಿವಿಗೆ ಇನ್ನಾವ ಪರೀಕ್ಷೆ ಬೇಕಿತ್ತು?