ಕೊನೆಯ ಗೂಟ

“ನಿನ್ನ ಗೂಟ ಯಾರಿಗೂ ಕೊಡಲ್ಲ ಕಣೇ!”

ದಡದಲ್ಲಿ ಓಡುತ್ತ ಅಕ್ಕ ಹಾಗೆ ಕೂಗಿದಾಗ ಅವರ ತಲೆಗೂದಲು ಇನ್ನೂ ಕಪ್ಪಗಿತ್ತು. ಹಗ್ಗ ಹರಿದ ನಡುಗಡ್ಡೆಯ ಮೇಲೆ ನಿಂತು ತಂಗಿ ತೇಲಿಹೋಗುತ್ತಿದ್ದಳು.

ಈ ದೊಡ್ಡ ನದಿಯ ನಡುಗಡ್ಡೆಗಳಿಗೆ ಬುಡವಿಲ್ಲ. ಮನೆ, ಅಂಗಳ, ಒಣಹಾಕಿದ ಬಟ್ಟೆಗಳ ಸಮೇತ ತೇಲುತ್ತವೆ. ದಡದ ಕಲ್ಲುಗೂಟಕ್ಕೆ ಕಟ್ಟಿದರಷ್ಟೇ ನಿಲ್ಲುತ್ತವೆ. ನದಿಗೆ ಸಮುದ್ರವೂ ಇಲ್ಲ. ಭೂಮಿಯನ್ನೆಲ್ಲ ಬಳಸಿ ಬಂದು ತನ್ನನ್ನೇ ಸೇರಿಕೊಳ್ಳುತ್ತದೆ. ಕೆಳಗೆ ಹೋದದ್ದು ಎಂದಾದರೂ ಮೇಲಿನಿಂದ ಬರಲೇಬೇಕು.

ಈಗ ತಲೆ ನರೆತಿದ್ದರೂ, ಗೂಟ ಕಾಯುವ ಅಕ್ಕ ಬೆಳಕು ಹರಿಯುವ ಮುನ್ನವೇ ಕೆಲಸದಲ್ಲಿದ್ದಾರೆ. ಮುಂಜಾನೆ ನೀರು ಏರುತ್ತದೆ. ಅಷ್ಟರೊಳಗೆ ಇಪ್ಪತ್ತು ಗೂಟಗಳ ಹಗ್ಗಕ್ಕೂ ಸಡಿಲ ಕೊಡಬೇಕು, ಸಂಜೆ ಮತ್ತೆ ಎಳೆದುಕೊಳ್ಳಬೇಕು. ಅಂಗೈ ಚರ್ಮ ಚಪ್ಪಲಿಯಂತಾಗಿದೆ. ಹಗ್ಗ ಸಡಿಲಿಸುತ್ತಲೇ ನನ್ನೊಡನೆ ಮಾತಾಡುತ್ತಾರೆ.

“ಬಿಗಿಯಾಗಿ ಕಟ್ಟಿದ್ರೆ ಭದ್ರ ಅನ್ಕೋತಾರೆ. ತಂಗಿ ಗಂಡನೂ ಹಾಗೇ. ದಡದಲ್ಲೇ ಬೆಳೆದ ಹುಡುಗ, ಪಾಪ, ಹೊಸ ಸಂಸಾರ. ಹೆದರ್ಕೊಂಡು ನನ್ನ ಗಂಟಿನ ಮೇಲೆ ತಾನೊಂದು ಗಂಟು ಹಾಕಿದ್ದ. ನಾನು ಬಿಚ್ಚೋಷ್ಟರಲ್ಲಿ ನೀರು ಏರ್ತು. ಹಗ್ಗ ಪಟ್ಟಂತ ಹೋಯ್ತು.”

ಅಂದಿನಿಂದ ಕೊನೆಯ ಗೂಟ ಖಾಲಿಯೇ ಇತ್ತು. ದಿನಾ ಅದರ ಪಾಚಿ ಉಜ್ಜಿ ತೆಗೆಯುತ್ತಿದ್ದರು. ದೋಣಿಯವನೊಬ್ಬ ಹಾದುಹೋಗುತ್ತ ಛೇಡಿಸುತ್ತಾನೆ: “ಅಕ್ಕ ಇಲ್ಲೇ ಗೂಟ ಹೊಡ್ಕೊಂಡು ಕೂತ್ಬಿಟ್ಳು!”

“ಹೂಂ ಕಣಪ್ಪಾ, ಅದಕ್ಕೇ ನಿನ್ನ ಮನೆ ಇನ್ನೂ ಇದ್ದಲ್ಲೇ ಇದೆ.”

ನಗುತ್ತಲೇ ಅವರ ಕಣ್ಣು ನದಿಯ ಮೇಲಿನ ತಿರುವಿಗೆ ಹೊರಳುತ್ತದೆ. “ಕೂಸು ಹೊಟ್ಟೇಲಿತ್ತು ನನ್ನ ತಂಗಿಗೆ. ಈಗ ಆ ಕೂಸಿಗೇ ಮಕ್ಕಳಾಗಿರ್ಬೋದು. ದೊಡ್ಡಮ್ಮ ಒಬ್ಳಿದಾಳೆ ಅಂತ ಹೇಳಿರ್ತಾಳೋ ಇಲ್ವೋ.”

ಕಳೆದ ವಾರ ಆ ತಿರುವಿನಲ್ಲಿ ಗಡ್ಡೆಯೊಂದು ಕಾಣಿಸಿತು. ಅಕ್ಕ ಸೊಂಟದವರೆಗೆ ನೀರಿಗಿಳಿದರು. ತಂಗಿಯಲ್ಲ. ಕಂಕುಳಲ್ಲಿ ಮಗು, ಕೈಯಲ್ಲಿ ಹರಿದ ಹಗ್ಗ ಹಿಡಿದ ಯಾರೋ ಹೆಂಗಸು. “ಅಕ್ಕಾ, ಒಂದು ಗೂಟ ಇದ್ಯಾ?”

ಇದ್ದದ್ದು ಅದೊಂದೇ. ಅದರಾಚೆ ದಡವೆಲ್ಲ ಮರಳು. ಹೊಸ ಗೂಟ ನಿಲ್ಲುವುದಿಲ್ಲ.

“ಇಲ್ಲ ಅಂತ ಬಾಯಿಗೆ ಬಂದಿತ್ತು. ಆದ್ರೆ ‘ಅಕ್ಕಾ’ ಅಂದ್ಬಿಟ್ಲಲ್ಲ. ಏನ್ಮಾಡ್ಲಿ ಹೇಳಿ?”

“ನಾಳೆ ನಿಮ್ಮ ತಂಗಿಯೇ ಬಂದರೆ?” ಎನ್ನುತ್ತೇನೆ.

ಅಕ್ಕ ಒದ್ದೆ ಸೆರಗು ಹಿಂಡುತ್ತಾರೆ. “ಬರ್ಲಿ. ಹಗ್ಗ ನನ್ನ ಸೊಂಟಕ್ಕೆ ಸುತ್ಕೊಂಡು ನಿಂತ್ಕೋತೀನಿ.”

ಕೊನೆಯ ಗೂಟಕ್ಕೆ ಈಗ ಬೇರೆಯವರ ಗಡ್ಡೆ ಕಟ್ಟಿದೆ. ತಂಗಿಗೆ ಕೊಟ್ಟ ಮಾತು ಮುರಿದಿದೆ.