ಬಾಯಲ್ಲಿ ಬಳ್ಳಿ ಹಿಡಿದವನು

ಎಣಿಸದೆ ಇರುವುದು ನನ್ನಿಂದಾಗದು. ಮನೆಯ ಮೆಟ್ಟಿಲು ಐವತ್ತೆರಡು. ಈ ತಿಂಗಳು ಆಫೀಸಿನ ಬಸ್ಸು ತಡವಾದದ್ದು ಆರು ಸಲ. ಎಲ್ಲವೂ ತಾರೀಖಿನ ಸಮೇತ ಡೈರಿಯಲ್ಲಿದೆ. ಜರ್ಮನಿಯ ರೇಗನ್ಸ್‌ಬರ್ಗ್‌ನ ಫ್ಲೋಮಾರ್ಕ್ಟಿನಲ್ಲಿ, ಅಂದರೆ ಹಳೆ ಸಾಮಾನಿನ ಸಂತೆಯಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಪಾಟು ಕೊಂಡ ದಿನವೂ ಅಷ್ಟೇ, ಮೊದಲು ಅದರ ಕೆತ್ತನೆ ಎಣಿಸಿದೆ. ಎಲೆ ನಲವತ್ತೊಂದು, ಹೂವು ಎಂಟು, ಮುಖ ಒಂದು.

ಜಗಳಕ್ಕೆ ಆ ಒಂದು ಮುಖವೇ ಸಾಕಾಯಿತು. ಕಪಾಟು ತಂದದ್ದು ದೇವರಿಗೆಂದು. ಮೂರು ವರ್ಷದಿಂದ ನಮ್ಮ ದೇವರು ಮೈಕ್ರೋವೇವ್ ಮೇಲೆ ಕೂತಿದ್ದುದು ಹೆಂಡತಿ ಶ್ರುತಿಗೆ ದಿನವೂ ಚುಚ್ಚುತ್ತಿತ್ತು. ಕಪಾಟು ಕಂಡು ಹಿಗ್ಗಿದವಳು ಅದರ ನೆತ್ತಿ ನೋಡಿ ನಿಂತಳು. ಗುಡ್ಡೆಗಣ್ಣು, ಉಬ್ಬಿದ ಕೆನ್ನೆ, ಬಾಯಿಯ ಎರಡೂ ಕಡೆಯಿಂದ ಹೊರಬಿದ್ದ ಬಳ್ಳಿ.

“ಯಾವುದೋ ದೆವ್ವ ಕಣೋ ಇದು. ಇದರ ಕೆಳಗೆ ನಾನು ದೀಪ ಹಚ್ಚಲ್ಲ. ಕೀಳಿಸು, ಇಲ್ಲಾ ವಾಪಸ್ ಕೊಡು.”

ದೆವ್ವವಲ್ಲವೆಂದು ಸಾಧಿಸಲು ಲೈಬ್ರರಿಗೆ ಹೋದೆ. ಆ ಕಾಲದ ಬಡಗಿಗಳು ಗಿಡ ನೋಡಿ ಎಲೆ ಕೆತ್ತುತ್ತಿದ್ದದ್ದು ಕಡಿಮೆಯಂತೆ. ಅಚ್ಚಾದ ಮಾದರಿ ಪುಸ್ತಕ ಎದುರಿಗಿಟ್ಟುಕೊಳ್ಳುತ್ತಿದ್ದರು. ಅದರಲ್ಲಿ ರೋಮಿನ ಕಂಬದ ಎಲೆ, ಗೋಥಿಕ್ ಚರ್ಚಿನ ಮುಖ, ಅರಬ್ಬರ ಬಳ್ಳಿ, ನಮ್ಮ ಶಾಲಿನ ಮಾವಿನಕಾಯಿ ಎಲ್ಲ ಒಟ್ಟಿಗೆ, ಮದುವೆಮನೆಯ ಪಂಕ್ತಿಯಂತೆ. ಯಾರು ಯಾರ ಕಡೆಯವರೋ ಕೇಳುವವರಿಲ್ಲ. ಇಲ್ಲಿನ ಹಳೆಯ ಚರ್ಚೊಂದರ ಕಂಬದ ತುದಿಯಲ್ಲಿ ಎಲೆ ಕಚ್ಚಿದ ಇನ್ನೊಬ್ಬನನ್ನು ಹುಡುಕಿ, ಶ್ರುತಿಗೆ ಫೋಟೋ ತೋರಿಸಿದೆ.

“ನೋಡು, ಇವನು ಮೂಲತಃ ಚರ್ಚಿನವನು.”

“ಹಾಗಾದ್ರೆ ಅಲ್ಲೇ ಇರಲಿ.”

ನನ್ನ ಸಂಶೋಧನೆ ನನಗೇ ತಿರುಗುಬಾಣವಾಯಿತು. ಸಹೋದ್ಯೋಗಿ ಕಿರಣ್‌ನನ್ನು ಕರೆದೆ. ಅವನು ಉಳಿ, ಸುತ್ತಿಗೆ ಹಿಡಿದು ಬಂದ.

“ಮಗಾ, ಇದು ಅಂಟಿಸಿರೋ ಪೀಸು. ಹತ್ತು ನಿಮಿಷ, ಎದ್ದು ಬರುತ್ತೆ.”

ಸುತ್ತಿಗೆ ಮೇಲೇರಿದಾಗ ಅವನ ಕೈ ಹಿಡಿದೆ. ಇಷ್ಟು ಮನೆ ದಾಟಿ ಬದುಕಿ ಬಂದವನು ನಮ್ಮ ಮನೆಯಲ್ಲಿ ತಲೆ ಕಳೆದುಕೊಳ್ಳಬೇಕೇ?

“ಇವತ್ತು ಭಾನುವಾರ ಗುರು, ರೂಹೆಟ್ಸೈಟ್!” ಎಂದೆ. ಭಾನುವಾರ ಇಲ್ಲಿ ಮೊಳೆ ಹೊಡೆಯುವಂತಿಲ್ಲ. ಸದ್ದಾದರೆ ಕೆಳಮನೆಯ ಅಜ್ಜಿ ಮೇಲೆ ಬರುತ್ತಾರೆ. ಜರ್ಮನ್ ನಿಯಮವೊಂದಕ್ಕೆ ನಾನು ಮನಸಾರೆ ಕೈಮುಗಿದದ್ದು ಅದೇ ಮೊದಲು. ನಾಳೆ ಸಂಜೆ ಬರುತ್ತೇನೆಂದು ಕಿರಣ್ ಕಾಫಿ ಕುಡಿದು ಹೋದ.

ಹೊಸ ಜಾಗಕ್ಕೆ ಸಿದ್ಧವಾಗಲೆಂದು ಶ್ರುತಿ ಅಷ್ಟರಲ್ಲಿ ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ದೇವರ ಹಿಂದೆ ನಿಲ್ಲುವ ಹಿತ್ತಾಳೆಯ ಪ್ರಭಾವಳಿ, ಅವಳಜ್ಜಿ ಕೊಟ್ಟದ್ದು, ಕಪ್ಪುಗಟ್ಟಿ ಹೋಗಿತ್ತು. ಅದನ್ನು ತೊಳೆದೆತ್ತಿದವಳು, “ಬಾ ಇಲ್ಲಿ” ಎಂದಳು.

ಕಮಾನಿನ ನೆತ್ತಿಯಲ್ಲಿ ಗುಡ್ಡೆಗಣ್ಣು, ಉಬ್ಬಿದ ಕೆನ್ನೆ, ಬಾಯಿಯ ಎರಡೂ ಕಡೆ ಬಳ್ಳಿ. ಕೀರ್ತಿಮುಖ! ಅದಕ್ಕೆಷ್ಟು ಸಲ ಕೈಮುಗಿದಿದ್ದೆನೋ, ಒಮ್ಮೆಯೂ ಎಣಿಸಿರಲಿಲ್ಲ.

“ಇಷ್ಟು ವರ್ಷ ಇವನ ಕೆಳಗೇ ದೀಪ ಹಚ್ತಿದ್ನಲ್ಲೋ!” ಶ್ರುತಿ ಒಮ್ಮೆ ಕೈಯಲ್ಲಿದ್ದವನನ್ನು, ಒಮ್ಮೆ ಕಪಾಟಿನವನನ್ನು ನೋಡಿದಳು. “ಕಿರಣ್‌ಗೆ ಬರೋದು ಬೇಡ ಅನ್ನು.”

ಯಾರನ್ನು ನೋಡಿ ಯಾರು ಕೆತ್ತಿದರೋ ತಿಳಿಯದು. ಪರಸ್ಪರ ನೋಡದೆಯೂ ಕೆತ್ತಿರಬಹುದು. ಪೂಜೆಯ ಜಾಗಕ್ಕೊಬ್ಬ ಗದರುವ ಕಾವಲುಗಾರ ಬೇಕೆಂದು ಎರಡು ಊರಿನವರಿಗೂ ಅನಿಸಿರಬಹುದು.

ಸೋಮವಾರ ಶ್ರುತಿ ದೇವರನ್ನು ಕಪಾಟಿನಲ್ಲಿ ಕೂರಿಸಿ, ದೀಪ ಹಚ್ಚಿ ಇಬ್ಬರಿಗೂ ಕುಂಕುಮವಿಟ್ಟಳು. ನಾನು ಡೈರಿಯಲ್ಲಿ ‘ಮುಖ ಒಂದು’ ಎಂಬುದನ್ನು ಹೊಡೆದುಹಾಕಿ ‘ಎರಡು’ ಎಂದು ಬರೆದೆ. ಪಕ್ಕದ ‘ಮೂಲ’ ಎಂಬ ಕಾಲಂ ಮಾತ್ರ ಖಾಲಿ ಬಿಟ್ಟೆ. ನನ್ನ ಡೈರಿಯಲ್ಲಿ ಖಾಲಿ ಬಿಟ್ಟ ಜಾಗ ಅದೊಂದೇ, ಎಣಿಸಿ ನೋಡಿದ್ದೇನೆ.